ಘಾಟಿಯ ಬುಡದಲ್ಲಿ ಓಡುವ ಲೋಕಲ್

ಮಂಗಳೂರು ಸೆಂಟ್ರಲ್‌ನಿಂದ ಹೊರಟು ಬಂಟ್ವಾಳ, ಪುತ್ತೂರು, ಕಡಬ ತಾಲ್ಲೂಕುಗಳನ್ನು ಹಾದು ನೆಟ್ಟಣದ ಸುಬ್ರಹ್ಮಣ್ಯ ರೋಡ್ ನಿಲ್ದಾಣ ಮುಟ್ಟುವ ರೈಲು ದಾರಿಯ ಉದ್ದ ಸುಮಾರು 90 ಕಿಲೋಮೀಟರ್. ಮಂಗಳೂರು–ಹಾಸನ ಮಾರ್ಗದ ಪಶ್ಚಿಮದ ಅರ್ಧ ಇದು. ಇದೇ ಹಳಿಯ ಮೇಲೆ ಎರಡು ಬಗೆಯ ರೈಲುಗಳು ಓಡುತ್ತವೆ. ಬೆಂಗಳೂರು, ಮೈಸೂರುಗಳಿಗೆ ಹೋಗುವ ಎಕ್ಸ್‌ಪ್ರೆಸ್‌ಗಳು ನೆಟ್ಟಣದಿಂದ ಮುಂದೆ ಘಾಟಿ ಹತ್ತುತ್ತವೆ. ಪ್ಯಾಸೆಂಜರ್ ಗಾಡಿಗಳು ಘಾಟಿಯ ಬುಡದಲ್ಲೇ ತಿರುಗಿ ಮಂಗಳೂರಿಗೆ ವಾಪಸಾಗುತ್ತವೆ. ಊರವರು ‘ಲೋಕಲ್’ ಎನ್ನುವುದು ಈ ಎರಡನೆಯದಕ್ಕೆ. ರೈಲು ಹವ್ಯಾಸಿಗಳ ಕ್ಯಾಮೆರಾ ಮಾತ್ರ ಬಹುಪಾಲು ಮೊದಲನೆಯದರ ಹಿಂದೆಯೇ ಇರುತ್ತದೆ. ಸಕಲೇಶಪುರದ ಸುರಂಗ, ಸೇತುವೆಗಳ ಚಿತ್ರ ಸಾವಿರಗಟ್ಟಲೆ ಸಿಗುತ್ತವೆ. ಕಾಣಿಯೂರಿನಲ್ಲೋ ನರಿಮೊಗರಿನಲ್ಲೋ ಲೋಕಲ್ ನಿಂತ ಚಿತ್ರ ಹುಡುಕಿದರೂ ಸಿಗುವುದು ಕಷ್ಟ. ಆದರೆ ಒಂದು ಪ್ರದೇಶದ ದಿನಚರಿಯನ್ನು ರೈಲಿನ ಮೂಲಕ ಓದಬೇಕೆಂದರೆ ನೋಡಬೇಕಾದದ್ದು ಈ ಕೆಳಗಿನ ತುಂಡನ್ನೇ.

ಈ ಹಳಿ ಹುಟ್ಟಿದ್ದು ದಿನನಿತ್ಯದ ಪ್ರಯಾಣಿಕರಿಗಾಗಿ ಅಲ್ಲವೆಂಬುದನ್ನು ಮೊದಲೇ ಹೇಳಿಬಿಡಬೇಕು. ಕರಾವಳಿಗೆ ರೈಲು ಬಂದದ್ದು ತೆಂಕಣದಿಂದ. 1907ರಲ್ಲಿ ಮಲಬಾರಿನ ಕಡೆಯ ಬ್ರಾಡ್ ಗೇಜ್ ಹಳಿ ಕಾಸರಗೋಡನ್ನು ದಾಟಿ ಮಂಗಳೂರಿಗೆ ಬಂತು. ಮದ್ರಾಸಿಗೆ ನೇರ ದಾರಿಯಾಯಿತು. ಘಟ್ಟದ ಮೇಲಿನ ಹಾಸನ, ಮೈಸೂರುಗಳಿಗೆ ಮಾತ್ರ ಇನ್ನೂ ಬಸ್ಸು, ಲಾರಿಯೇ ಗತಿಯಾಗಿತ್ತು. ಆ ಕೊರತೆ ನೀಗುವ ಮಾತು ಗಟ್ಟಿಯಾದದ್ದು ಬಂದರಿನ ಜೊತೆಗೆ. ಪಣಂಬೂರಿನ ನವಮಂಗಳೂರು ಬಂದರು 1974ರಲ್ಲಿ ಪ್ರಮುಖ ಬಂದರೆಂದು ಘೋಷಣೆಯಾಯಿತು, 1975ರ ಜನವರಿಯಲ್ಲಿ ಉದ್ಘಾಟನೆಗೊಂಡಿತು. ಒಳನಾಡಿನ ಅದಿರು ಆ ಬಂದರಿಗೆ ಇಳಿದು ಬರಲು, ಬಂದರಿನ ಸರಕು ಒಳನಾಡಿಗೆ ಏರಿ ಹೋಗಲು ಹಳಿ ಬೇಕಿತ್ತು. ಹಾಗೆ ಹಾಸನದಿಂದ ಮಂಗಳೂರಿನವರೆಗೆ 189 ಕಿಲೋಮೀಟರ್ ಉದ್ದದ ಮೀಟರ್ ಗೇಜ್ ಮಾರ್ಗ ನಿರ್ಮಾಣವಾಗಿ 1979ರಲ್ಲಿ ಪೂರ್ತಿ ತೆರೆದುಕೊಂಡಿತು. ಪುತ್ತೂರು, ಕಾಣಿಯೂರು, ನೆಟ್ಟಣಗಳು ಆ ದಾರಿಯಲ್ಲಿ ಬಿದ್ದವು ಅಷ್ಟೆ.

ಮೀಟರ್ ಗೇಜ್ ರೈಲು ಬಾಳಿದ್ದು ಹದಿನೇಳೇ ವರ್ಷ. ಗೇಜ್ ಪರಿವರ್ತನೆಗೆಂದು 1996ರಲ್ಲಿ ಸಂಚಾರ ನಿಂತಿತು. ಕಾಮಗಾರಿ ಕುಂಟುತ್ತ ಸಾಗಿ, 2003ರಲ್ಲಿ ರೈಲ್ವೆ ಸಚಿವಾಲಯ, ಕರ್ನಾಟಕ ಸರ್ಕಾರ ಮತ್ತಿತರ ಪಾಲುದಾರರು ಸೇರಿ ಹಾಸನ–ಮಂಗಳೂರು ರೈಲು ಅಭಿವೃದ್ಧಿ ಕಂಪನಿ ಕಟ್ಟಿದ ಮೇಲೆಯೇ ಅದಕ್ಕೆ ವೇಗ ಬಂದದ್ದು. 2006ರ ಮೇ ತಿಂಗಳಲ್ಲಿ ಗೂಡ್ಸ್ ಗಾಡಿಗಳು ಓಡತೊಡಗಿದವು. ಘಾಟಿಯ ಮೂಲಕ ಪ್ರಯಾಣಿಕರ ರೈಲು ಮತ್ತೆ ಹೊರಟದ್ದು 2007ರ ಡಿಸೆಂಬರಿನಲ್ಲಿ. ಗೂಡ್ಸ್ ಮೊದಲು, ಜನ ಆಮೇಲೆ ಎಂಬ ಈ ಕ್ರಮ ಮಾರ್ಗದ ಹುಟ್ಟುಗುಣಕ್ಕೆ ಸರಿಯಾಗಿಯೇ ಇದೆ. ನಡುವಿನ ಹನ್ನೊಂದು ವರ್ಷದಲ್ಲಿ ಘಾಟಿಯ ಖಾಲಿ ಹಳಿ ಚಾರಣಿಗರ ಪಾಲಾಯಿತು. ಇತ್ತ ಪುತ್ತೂರು, ಸುಳ್ಯ ಕಡೆಯ ಒಂದು ತಲೆಮಾರು ಬೆಂಗಳೂರಿಗೆ ರೈಲೆಂಬುದೊಂದಿತ್ತು ಎನ್ನುವುದನ್ನೇ ಮರೆತು ರಾತ್ರಿ ಬಸ್ಸಿಗೆ ಒಗ್ಗಿಕೊಂಡಿತು. ಆ ಅಭ್ಯಾಸವನ್ನು ರೈಲು ಇನ್ನೂ ಪೂರ್ತಿ ಬಿಡಿಸಿಲ್ಲ.

ಮಂಗಳೂರು ಸೆಂಟ್ರಲ್ ಬಿಟ್ಟ ಗಾಡಿ ಮೊದಲು ಮಂಗಳೂರು ಜಂಕ್ಷನ್‌ಗೆ ಬರುತ್ತದೆ. ಹಳಬರ ಬಾಯಲ್ಲಿ ಇದು ಇಂದಿಗೂ ಕಂಕನಾಡಿ ಸ್ಟೇಷನ್. ಅಲ್ಲಿಂದ ಪಡೀಲ್. ನೋಡುವವರಿಗೆ ಪಡೀಲ್ ಒಂದು ಸಣ್ಣ ಜಾಗ. ರೈಲ್ವೆಯ ಲೆಕ್ಕದಲ್ಲಿ ಅದೊಂದು ಗಡಿ. ಮಂಗಳೂರಿನ ಎರಡು ದೊಡ್ಡ ನಿಲ್ದಾಣಗಳು ದಕ್ಷಿಣ ರೈಲ್ವೆಯ ಪಾಲಕ್ಕಾಡ್ ವಿಭಾಗಕ್ಕೆ ಸೇರಿದವು. ಪಡೀಲ್ ದಾಟಿ ಪೂರ್ವಕ್ಕೆ ಹೊರಳಿದರೆ ನೈರುತ್ಯ ರೈಲ್ವೆಯ ಮೈಸೂರು ವಿಭಾಗ. ಉತ್ತರಕ್ಕೆ ತೋಕೂರಿನಾಚೆ ಕೊಂಕಣ ರೈಲ್ವೆ. ಪುತ್ತೂರಿಗೆ ಒಂದು ಲೋಕಲ್ ಹೆಚ್ಚಿಸಬೇಕೆಂದರೂ, ಅದರ ವೇಳೆ ಹತ್ತು ನಿಮಿಷ ಹಿಂದುಮುಂದು ಮಾಡಬೇಕೆಂದರೂ ಎರಡು ವಲಯಗಳು ಒಪ್ಪಬೇಕು. ಮನವಿ ಕೊಡುವವರು ಮೊದಲು ಯಾವ ಊರಿನ ಕಚೇರಿಗೆ ಹೋಗಬೇಕು ಎಂದು ಕೇಳಿಕೊಳ್ಳಬೇಕಾದ ಪರಿಸ್ಥಿತಿ ಕರ್ನಾಟಕದ ಬೇರೆ ಜಿಲ್ಲೆಗಳಲ್ಲಿ ಅಪರೂಪ.

ಪಡೀಲಿನಿಂದ ಹಳಿ ನೇತ್ರಾವತಿಯ ಬಲದಂಡೆಗೆ ಸಮೀಪವಾಗಿ ಸಾಗಿ ಬಿ.ಸಿ.ರೋಡಿನಲ್ಲಿರುವ ಬಂಟ್ವಾಳ ನಿಲ್ದಾಣಕ್ಕೆ ಬರುತ್ತದೆ. ಬಂಟ್ವಾಳ ಬಿಟ್ಟ ಕೂಡಲೇ ಪಾಣೆಮಂಗಳೂರಿನ ಬಳಿ ನದಿ ದಾಟಿ ಎಡದಂಡೆಗೆ ಬಂದು ನೇರಳಕಟ್ಟೆಯ ಮೂಲಕ ಪುತ್ತೂರು ಸೇರುತ್ತದೆ. ನಿಲ್ದಾಣದ ಹೆಸರು ಕಬಕ ಪುತ್ತೂರು. ಆಂಧ್ರದಲ್ಲಿ ತಿರುಪತಿಯ ಹತ್ತಿರ ಇನ್ನೊಂದು ಪುತ್ತೂರು ನಿಲ್ದಾಣ ಇರುವುದರಿಂದ ಪಕ್ಕದ ಊರಿನ ಹೆಸರು ಸೇರಿಕೊಂಡಿದೆ. ನಿಲ್ದಾಣ ಮಾತ್ರ ಪುತ್ತೂರು ಪೇಟೆಯಲ್ಲೇ ಇದೆ. ಪುತ್ತೂರಿನಿಂದ ಮುಂದೆ ಹಳಿಯ ಸ್ವಭಾವವೇ ಬದಲಾಗುತ್ತದೆ. ಪೇಟೆಗಳು ಮುಗಿದು ಅಡಿಕೆ ತೋಟ, ರಬ್ಬರ್ ತೋಟ, ಜಂಬಿಟ್ಟಿಗೆ ಕಲ್ಲಿನ ಗುಡ್ಡ ಕಡಿದು ಮಾಡಿದ ಆಳದ ಓಣಿಗಳು ಶುರುವಾಗುತ್ತವೆ. ನರಿಮೊಗರು, ಕಾಣಿಯೂರು, ಎಡಮಂಗಲ, ಕುಮಾರಧಾರಾ ನದಿ ದಾಟಿದ ಮೇಲೆ ಕೋಡಿಂಬಾಳ, ಕೊನೆಗೆ ನೆಟ್ಟಣ. ಕಡಬ ಪೇಟೆಗೆ ಸಮೀಪದ ನಿಲ್ದಾಣ ಕೋಡಿಂಬಾಳ. ಪುತ್ತೂರು ಮತ್ತು ಸುಳ್ಯ ತಾಲ್ಲೂಕುಗಳ ಗ್ರಾಮಗಳನ್ನು ಸೇರಿಸಿ ಕಡಬ ತಾಲ್ಲೂಕು ಮಾಡಿದಾಗ ಈ ಸಣ್ಣ ನಿಲ್ದಾಣಗಳ ಬಹುಪಾಲು ಹೊಸ ತಾಲ್ಲೂಕಿನ ಪಾಲಾಯಿತು. ಕಡಬಕ್ಕೆ ಹೀಗೆ ಅನಾಯಾಸವಾಗಿ ರೈಲು ದಕ್ಕಿತು. ಸುಳ್ಯ ಪೇಟೆಗೆ ಮೊದಲೂ ರೈಲಿರಲಿಲ್ಲ, ಈಗಲೂ ಇಲ್ಲ.

ಸಣ್ಣ ನಿಲ್ದಾಣಗಳಲ್ಲಿ ನೋಡಲು ಹೆಚ್ಚೇನಿಲ್ಲ ಎನ್ನಿಸುತ್ತದೆ: ಒಂದು ಹಳದಿ ಹೆಸರುಫಲಕ, ಒಂದು ತಗಡಿನ ಮಾಡು, ಒಂದೆರಡು ಕಲ್ಲುಬೆಂಚು. ಹವ್ಯಾಸಿಯ ಕಣ್ಣಿಗೆ ಅಷ್ಟರಲ್ಲೇ ಬೇಕಾದಷ್ಟು ಸಿಗುತ್ತದೆ. ಹೆಸರುಫಲಕದ ಕೆಳಗೆ ಬರೆದ ಸಮುದ್ರಮಟ್ಟದಿಂದ ಎತ್ತರವನ್ನು ಒಂದೊಂದೇ ನಿಲ್ದಾಣದಲ್ಲಿ ಗುರುತು ಮಾಡಿಕೊಂಡರೆ ಮಂಗಳೂರಿನಿಂದ ನೆಟ್ಟಣದವರೆಗೆ ನೆಲ ಎಷ್ಟು ಮೆಲ್ಲನೆ ಏರುತ್ತದೆಂದು ಗೊತ್ತಾಗುತ್ತದೆ. ಹಳಿಬದಿಯ ವಿದ್ಯುತ್ ಕಂಬಗಳ ಮೇಲಿನ ಅಂಕಿ ಬರೀ ಕ್ರಮಸಂಖ್ಯೆಯಲ್ಲ. ಮೇಲಿನದು ಕಿಲೋಮೀಟರ್, ಕೆಳಗಿನದು ಆ ಕಿಲೋಮೀಟರಿನೊಳಗಿನ ಕಂಬದ ಸಂಖ್ಯೆ. ಎರಡು ಅಂಕಿಗಳ ನಡುವೆ ಕಳೆದ ಸೆಕೆಂಡುಗಳನ್ನು ಎಣಿಸಿದರೆ ಗಾಡಿಯ ವೇಗ ತಿಳಿಯುತ್ತದೆ. ಗೇಟು ಹತ್ತಿರವಾಗುವಾಗ ಕಾಣುವ ‘ಸೀ/ಫಾ’ ಎಂಬ ಹಳದಿ ಫಲಕ ಹಿಂದಿಯ ‘ಸೀಟಿ, ಫಾಟಕ್’ನ ಮೊದಲಕ್ಷರಗಳು. ಲೋಕೊ ಪೈಲಟ್ ಇಲ್ಲಿ ಸೀಟಿ ಹಾಕಲೇಬೇಕು. ತೋಟದ ನಡುವಿನ ಮನೆಯವರು ರೈಲು ಬಂತೆಂದು ತಿಳಿಯುವುದು ಈ ಫಲಕದ ದೆಸೆಯಿಂದ.

ಲೋಕಲ್ ರೈಲಿನ ವೇಳಾಪಟ್ಟಿ ಅರ್ಥವಾಗಬೇಕಾದರೆ ರೇಕ್ ಏನೆಂದು ತಿಳಿದಿರಬೇಕು. ಒಟ್ಟಿಗೆ ಜೋಡಿಸಿ ಓಡಿಸುವ ಬೋಗಿಗಳ ಸಾಲೇ ರೇಕ್. ಬೋಗಿಗಳನ್ನು ತೊಳೆಯುವುದು, ಬ್ರೇಕು ಪರೀಕ್ಷಿಸುವುದು, ರಾತ್ರಿ ನಿಲ್ಲಿಸುವುದು ಎಲ್ಲವೂ ಮಂಗಳೂರಿನಲ್ಲಿ. ಆದ್ದರಿಂದ ಪುತ್ತೂರಿನವರನ್ನೋ ಕಡಬದವರನ್ನೋ ಬೆಳಗ್ಗೆ ಮಂಗಳೂರಿಗೆ ಕರೆತರಬೇಕಾದ ಗಾಡಿ ಅದಕ್ಕೂ ಮೊದಲು ಮಂಗಳೂರಿನಿಂದಲೇ ಹೊರಟು ಹೋಗಿರಬೇಕು. ಬಹುಕಾಲ ಬೆಳಗು, ಸಂಜೆಯ ಲೋಕಲ್ ಓಡಿದ್ದು ಪುತ್ತೂರಿನವರೆಗೆ ಮಾತ್ರ. ಅಲ್ಲಿಂದಾಚೆ ಇನ್ನೂ ನಲವತ್ತಕ್ಕೂ ಹೆಚ್ಚು ಕಿಲೋಮೀಟರ್ ಹಳಿ ಇತ್ತು, ನಿಲ್ದಾಣಗಳಿದ್ದವು, ಕಚೇರಿ ವೇಳೆಗೆ ಹೊಂದುವ ಗಾಡಿ ಮಾತ್ರ ಇರಲಿಲ್ಲ. ಕಾಣಿಯೂರಿನವರು ರೈಲು ಹಿಡಿಯಲು ಬಸ್ಸಿನಲ್ಲಿ ಪುತ್ತೂರಿಗೆ ಹೋಗಬೇಕಿತ್ತು. ಪುತ್ತೂರಿಗೆ ಬಸ್ಸಿನಲ್ಲಿ ಹೋದವರು ಅದೇ ಬಸ್ಸಿನಲ್ಲಿ ಮಂಗಳೂರಿಗೂ ಹೋಗಿಬಿಡುತ್ತಾರೆ ಎಂಬುದು ಯಾರಿಗಾದರೂ ಹೊಳೆಯುವ ಮಾತು.

ವರ್ಷಗಳ ಬೇಡಿಕೆಯ ಬಳಿಕ 2025ರ ಏಪ್ರಿಲ್‌ನಲ್ಲಿ ಈ ಪುತ್ತೂರು ಲೋಕಲನ್ನು ಸುಬ್ರಹ್ಮಣ್ಯ ರೋಡ್‌ವರೆಗೆ ವಿಸ್ತರಿಸಲಾಯಿತು. ರೈಲ್ವೆ ರಾಜ್ಯ ಸಚಿವ ವಿ. ಸೋಮಣ್ಣ ಹಸಿರು ನಿಶಾನೆ ತೋರಿದರು. ಆಗ ನಿಗದಿಯಾದ ವೇಳೆಯಂತೆ ಗಾಡಿ ನಸುಕಿನ 4 ಗಂಟೆಗೆ ಮಂಗಳೂರು ಸೆಂಟ್ರಲ್ ಬಿಟ್ಟು ಆರೂವರೆಯ ಹೊತ್ತಿಗೆ ನೆಟ್ಟಣ ಸೇರುತ್ತದೆ. 7 ಗಂಟೆಗೆ ಅಲ್ಲಿಂದ ಹೊರಟು ಒಂಬತ್ತೂವರೆಗೆ ಮಂಗಳೂರು. ಸಂಜೆ ಆರಕ್ಕೆ ಸ್ವಲ್ಪ ಮೊದಲು ಮಂಗಳೂರು ಬಿಟ್ಟರೆ ಎಂಟರ ಸುಮಾರಿಗೆ ನೆಟ್ಟಣ, ರಾತ್ರಿ ಹನ್ನೊಂದರ ಹೊತ್ತಿಗೆ ವಾಪಸು ಮಂಗಳೂರು. ನಡುಹಗಲಿನ ಇನ್ನೊಂದು ಜೋಡಿ ಗಾಡಿ ಬೇರೆ ಇದೆ.

ಈ ವೇಳಾಪಟ್ಟಿಯಲ್ಲಿ ಒಂದು ಜಾಣತನವಿದೆ. ನಸುಕಿನ ನಾಲ್ಕರ ಗಾಡಿಗೆ ಕಚೇರಿಗೆ ಹೋಗುವವರು ಯಾರೂ ಹತ್ತುವುದಿಲ್ಲ. ಕುಕ್ಕೆ ಸುಬ್ರಹ್ಮಣ್ಯ ದೇವಸ್ಥಾನಕ್ಕೆ ಹೋಗುವವರು ಹತ್ತುತ್ತಾರೆ. ಆರೂವರೆಗೆ ನೆಟ್ಟಣದಲ್ಲಿ ಇಳಿದು ಹತ್ತು ಹನ್ನೆರಡು ಕಿಲೋಮೀಟರ್ ಬಸ್ಸಿನಲ್ಲೋ ಜೀಪಿನಲ್ಲೋ ಹೋದರೆ ಬೆಳಗಿನ ದರ್ಶನಕ್ಕೂ ಆಶ್ಲೇಷ ಬಲಿ ಸೇವೆಗೂ ಸಮಯ ಸಾಕು. ಅದೇ ಗಾಡಿ ತಿರುಗಿ ಹೊರಟಾಗ ಬೋಗಿಯೊಳಗಿನ ಜನವೇ ಬೇರೆ. ಕೋಡಿಂಬಾಳ, ಎಡಮಂಗಲ, ಕಾಣಿಯೂರುಗಳಲ್ಲಿ ಕಾಲೇಜು ಮಕ್ಕಳು, ಕೂಲಿ ಕೆಲಸದವರು, ಊಟದ ಡಬ್ಬಿ ಹಿಡಿದ ಅಂಗಡಿ ನೌಕರರು ಹತ್ತುತ್ತಾರೆ. ಪುತ್ತೂರಿನಲ್ಲಿ ಕೆಲವರು ಇಳಿದು ಅದಕ್ಕಿಂತ ಹೆಚ್ಚು ಮಂದಿ ಹತ್ತುತ್ತಾರೆ. ಕೈಯಲ್ಲಿ ಎಕ್ಸ್‌ರೇ ಲಕೋಟೆ ಹಿಡಿದು ವೆನ್ಲಾಕ್ ಆಸ್ಪತ್ರೆಗೆ ಹೊರಟವರಂತೂ ಇದ್ದೇ ಇರುತ್ತಾರೆ. ತುಳು, ಅರೆಭಾಷೆ, ಬ್ಯಾರಿ, ಮಲಯಾಳ, ಕನ್ನಡ ಎಲ್ಲವೂ ಒಂದೇ ಬೋಗಿಯಲ್ಲಿ ಕೇಳುತ್ತವೆ. ಸಂಜೆಗೆ ಇದರ ಹಿಮ್ಮೊಗ: ಹೋಗುವಾಗ ಮನೆಗೆ ಮರಳುವವರು, ಬರುವಾಗ ದೇವರ ದರ್ಶನ ಮುಗಿಸಿದವರು. ಒಂದೇ ರೇಕ್, ಎರಡು ದಿಕ್ಕಿಗೂ ಗಿರಾಕಿ. ಇಷ್ಟು ಅಚ್ಚುಕಟ್ಟಾಗಿ ಎರಡೂ ಕಡೆ ಪ್ರಯಾಣಿಕರು ಸಿಗುವ ಲೋಕಲ್ ಮಾರ್ಗಗಳು ಹೆಚ್ಚಿಲ್ಲ. ಇದನ್ನು ಕಂಡುಕೊಳ್ಳಲು ಇಷ್ಟು ವರ್ಷ ಬೇಕಾಯಿತೆಂಬುದೇ ಆಶ್ಚರ್ಯ.

ಕೊರತೆಯೂ ಅಷ್ಟೇ ಸ್ಪಷ್ಟ. ಏಳರ ಗಾಡಿ ತಪ್ಪಿದರೆ ಕಚೇರಿ ವೇಳೆಗೆ ಮುಟ್ಟಿಸುವ ಎರಡನೆಯ ಲೋಕಲ್ ಇಲ್ಲ. ಮಂಗಳೂರಿನ ಒಂಬತ್ತು ಗಂಟೆಯ ತರಗತಿಗೆ ಒಂಬತ್ತೂವರೆಯ ಗಾಡಿ ಉಪಯೋಗಕ್ಕೆ ಬರುವುದಿಲ್ಲ. ಸಂಜೆ ಏಳಕ್ಕೆ ಅಂಗಡಿ ಮುಚ್ಚುವವರಿಗೆ ಆರರೊಳಗೆ ಹೊರಡುವ ಗಾಡಿ ಸಿಗುವುದಿಲ್ಲ. ಲೋಕಲ್ ಮಾರ್ಗ ಬಲಗೊಳ್ಳುವುದು ಗಾಡಿಯ ವೇಗದಿಂದಲ್ಲ, ಒಂದು ತಪ್ಪಿದರೆ ಇನ್ನೊಂದಿದೆ ಎಂಬ ಧೈರ್ಯದಿಂದ. ಬಸ್ಸು ಗೆಲ್ಲುವುದು ಇಲ್ಲೇ. ಪುತ್ತೂರು–ಮಂಗಳೂರು ನಡುವೆ ಕೆಎಸ್‌ಆರ್‌ಟಿಸಿ ಬಸ್ಸುಗಳು ಒಂದರ ಹಿಂದೆ ಒಂದು ಇರುತ್ತವೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರಿಗೆ ಅದರಲ್ಲಿ ಟಿಕೆಟಿನ ಖರ್ಚೂ ಇಲ್ಲ. ರೈಲಿನ ಟಿಕೆಟ್ ಎಷ್ಟೇ ಅಗ್ಗವಾದರೂ ಉಚಿತಕ್ಕಿಂತ ಅಗ್ಗವಾಗಲಾರದು.

ದರದ ಕಥೆಯಲ್ಲೂ ಲೋಕಲ್‌ಗೆ ಒಂದು ಪೆಟ್ಟು ಬಿದ್ದಿತ್ತು. ಕೋವಿಡ್ ಕಾಲದಲ್ಲಿ ನಿಂತ ಪ್ಯಾಸೆಂಜರ್ ಗಾಡಿಗಳು ಮತ್ತೆ ಹೊರಟಾಗ ವಿಶೇಷ ರೈಲುಗಳ ಹೆಸರಿನಲ್ಲಿ, ಸೊನ್ನೆಯಿಂದ ಶುರುವಾಗುವ ಸಂಖ್ಯೆ ಹೊತ್ತು ಬಂದವು. ಹತ್ತು ರೂಪಾಯಿ ಇದ್ದ ಕನಿಷ್ಠ ದರ 30 ರೂಪಾಯಿ ಆಯಿತು. ಒಂದು ನಿಲ್ದಾಣದಿಂದ ಮುಂದಿನದಕ್ಕೆ ಹೋಗುವವರಿಗೆ ಇದು ಮೂರು ಪಟ್ಟು. 2024ರ ಫೆಬ್ರುವರಿಯಲ್ಲಿ ಹಳೆಯ ದರ ಮರಳಿತು. 2025ರ ಜನವರಿಯಿಂದ ಸೊನ್ನೆ ಹೋಗಿ ಹಳೆಯ ಮಾದರಿಯ ಸಂಖ್ಯೆಗಳೂ ಬಂದವು. ಭಾರತೀಯ ರೈಲ್ವೆಯಲ್ಲಿ ಐದರಿಂದ ಶುರುವಾಗುವ ಐದಂಕಿಯ ಸಂಖ್ಯೆ ಎಂದರೆ ಎಂಜಿನ್ ಎಳೆಯುವ ಪ್ಯಾಸೆಂಜರ್ ಗಾಡಿ, ಆರರಿಂದಾದರೆ ವಿದ್ಯುತ್ತಿನಲ್ಲಿ ಓಡುವ ಮೆಮು, ಏಳರಿಂದಾದರೆ ಡೀಸೆಲಿನ ಡೆಮು. ಈ ಮಾರ್ಗದ ಲೋಕಲ್ ಗಾಡಿಗಳದ್ದು ಐದರಿಂದ ಶುರುವಾಗುವ ಸಂಖ್ಯೆ. ಅದು ಆರಕ್ಕೆ ಬದಲಾಗಬೇಕೆಂಬುದೇ ಈಗಿನ ಬೇಡಿಕೆ; ಆ ಮಾತು ಮುಂದೆ ಬರುತ್ತದೆ.

ಲೋಕಲ್ ಗಾಡಿ ಎಲ್ಲೋ ಒಂದು ಕಡೆ ಸುಮ್ಮನೆ ನಿಂತರೆ ಬೋಗಿಯೊಳಗೆ ಮೊದಲು ಏಳುವ ಪ್ರಶ್ನೆ, ‘ಕ್ರಾಸಿಂಗ್ ಉಂಟಾ?’ ಪಡೀಲಿನಿಂದ ಪೂರ್ವಕ್ಕೆ ಇಡೀ ಮಾರ್ಗ ಒಂಟಿ ಹಳಿ. ಎದುರು ಬರುವ ಗಾಡಿಗೆ ದಾರಿ ಬಿಡಬೇಕಾದರೆ ಲೂಪ್ ಲೈನ್ ಇರುವ ನಿಲ್ದಾಣದಲ್ಲೇ ಕಾಯಬೇಕು. ಎಲ್ಲ ನಿಲ್ದಾಣಗಳಲ್ಲೂ ಲೂಪ್ ಇರುವುದಿಲ್ಲ. ಬರೀ ಹಾಲ್ಟ್ ಆಗಿರುವ ಕಡೆ ಗಾಡಿ ನಿಂತು ಹೋಗಬಹುದು, ಇನ್ನೊಂದಕ್ಕೆ ದಾರಿ ಬಿಡಲಾಗದು. ಬೆಳಗ್ಗೆ ಬೆಂಗಳೂರಿನ ರಾತ್ರಿ ರೈಲುಗಳು ಇಳಿದು ಬರುವ ಹೊತ್ತಿಗೇ ಲೋಕಲ್ ಕೂಡ ಹಳಿಯ ಮೇಲಿರುತ್ತದೆ. ಇವುಗಳ ನಡುವೆ ಬಂದರಿನ ಗೂಡ್ಸ್. ಪ್ರಯಾಣಿಕರ ಗಾಡಿಗಳ ಆದ್ಯತೆಯಲ್ಲಿ ಲೋಕಲ್‌ಗೆ ಕೊನೆಯ ಸಾಲು. ಸುಮಾರು 90 ಕಿಲೋಮೀಟರಿಗೆ ಎರಡೂವರೆ ಗಂಟೆ ಎಂದರೆ ಗಂಟೆಗೆ 36 ಕಿಲೋಮೀಟರ್. ಆದರೂ ಮಳೆಗಾಲದ ದಿನ ಗುಂಡಿ ಬಿದ್ದ ಹೆದ್ದಾರಿಯಲ್ಲಿ, ಚತುಷ್ಪಥ ಕಾಮಗಾರಿಯ ಕೆಸರಿನಲ್ಲಿ ಬಸ್ಸು ಸಿಕ್ಕಿಕೊಂಡಾಗ ಈ ನಿಧಾನವೇ ವೇಗವೆನಿಸಿದ್ದುಂಟು.

ನೆಟ್ಟಣಕ್ಕೆ ಬಂದರೆ ಹವ್ಯಾಸಿಗಳ ಜಾತ್ರೆ. ಲೋಕಲ್‌ಗೆ ಇದು ಕೊನೆಯ ನಿಲ್ದಾಣ. ಎಕ್ಸ್‌ಪ್ರೆಸ್‌ಗಳಿಗೆ ನಿಜವಾದ ಕೆಲಸ ಶುರುವಾಗುವ ಜಾಗ. ಇಲ್ಲಿಂದ ಸಕಲೇಶಪುರದವರೆಗಿನ 55 ಕಿಲೋಮೀಟರಿನಲ್ಲಿ ಸಿರಿಬಾಗಿಲು, ಯಡಕುಮರಿ, ಕಡಗರವಳ್ಳಿ, ದೋಣಿಗಲ್ ನಿಲ್ದಾಣಗಳು ಸಿಗುತ್ತವೆ. ಸುರಂಗಗಳು 57. ಏರು ಐವತ್ತಕ್ಕೆ ಒಂದು, ಅಂದರೆ ಐವತ್ತು ಮೀಟರ್ ಮುಂದೆ ಹೋಗುವಷ್ಟರಲ್ಲಿ ಒಂದು ಮೀಟರ್ ಮೇಲೆ. ರಸ್ತೆಯಲ್ಲಿ ಇದು ಏರೆಂದೇ ಅನಿಸದು. ಉಕ್ಕಿನ ಚಕ್ರ ಉಕ್ಕಿನ ಹಳಿಯ ಮೇಲೆ ಉರುಳುವಲ್ಲಿ ಇದು ಕಡಿದಾದ ಏರು. ತಿರುವುಗಳು ಹತ್ತು ಡಿಗ್ರಿಯವರೆಗಿವೆ, ಅಂದರೆ ಸುಮಾರು 175 ಮೀಟರ್ ತ್ರಿಜ್ಯದ ವೃತ್ತದ ತುಂಡುಗಳು. ಬ್ರಾಡ್ ಗೇಜಿನಲ್ಲಿ ಇದಕ್ಕಿಂತ ಬಿಗಿಯಾಗಿ ತಿರುಗಿಸಲು ನಿಯಮವೇ ಒಪ್ಪುವುದಿಲ್ಲ. ಹಾಗಾಗಿ ವೇಗದ ಮಿತಿ ಗಂಟೆಗೆ 30 ಕಿಲೋಮೀಟರ್.

ನೆಟ್ಟಣದಲ್ಲಿ ಮೇಲೇರುವ ಗಾಡಿ ನಿಂತಾಗ ಪ್ಲಾಟ್‌ಫಾರ್ಮಿನ ಮುಂತುದಿಗಿಂತ ಹಿಂತುದಿಯಲ್ಲಿ ನೋಡಲು ಹೆಚ್ಚು ಸಿಗುತ್ತದೆ. ಪಕ್ಕದ ಹಳಿಯಿಂದ ಬ್ಯಾಂಕರ್, ಅಂದರೆ ನೂಕು ಎಂಜಿನ್‌ಗಳು ಮೆಲ್ಲನೆ ಹಿಂದಿನಿಂದ ಬರುತ್ತವೆ. ಕೆಳಗೆ ನಿಂತವರು ಕೈಸನ್ನೆ ಕೊಡುತ್ತಾರೆ. ಎಂಜಿನ್ ಅಂಗುಲ ಅಂಗುಲವಾಗಿ ಸರಿದು ಕೊನೆಯ ಬೋಗಿಗೆ ಕೊಂಡಿ ಬೀಳುವಾಗ ಇಡೀ ಗಾಡಿ ಒಮ್ಮೆ ಅಲುಗುತ್ತದೆ. ಒಳಗೆ ನಿದ್ದೆಯಲ್ಲಿದ್ದವರು ಹೊರಳಿ ಮಲಗುತ್ತಾರೆ. ನಂತರ ಗಾಳಿಯ ಕೊಳವೆ ಜೋಡಿಸಿ, ಒತ್ತಡ ಸರಿಯಿದೆಯೇ ನೋಡಿ, ಮುಂದಿನ ಮತ್ತು ಹಿಂದಿನ ಎಂಜಿನ್‌ನವರು ಸೀಟಿಯಲ್ಲೇ ಮಾತಾಡಿಕೊಂಡು ಗಾಡಿ ಹೊರಡುತ್ತದೆ. ಮುಂದಿನದು ಎಳೆಯುತ್ತದೆ, ಹಿಂದಿನವು ನೂಕುತ್ತವೆ. ನೂಕು ಎಂಜಿನ್ ಬೇಕಾಗುವುದು ಬರೀ ಬಲಕ್ಕಲ್ಲ. ಮುಂದಿನ ಎಂಜಿನ್‌ಗಳೇ ಇಡೀ ಭಾರವನ್ನು ಎಳೆದರೆ ಬೋಗಿಗಳ ನಡುವಿನ ಕೊಂಡಿಯ ಮೇಲೆ ಜಗ್ಗುವಿಕೆ ಮಿತಿ ಮೀರುತ್ತದೆ. ಕೊಂಡಿ ಕಳಚಿದರೆ ಹಿಂದಿನ ಬೋಗಿಗಳು ಇಳಿಜಾರಿನಲ್ಲಿ ಹಿಂದಕ್ಕೆ ಉರುಳುವ ಭಯವಿದೆ. ಹಿಂದೆ ಎಂಜಿನ್ ಇದ್ದರೆ ಎರಡೂ ಭಯ ಇಲ್ಲ. ಇಳಿಯುವ ಗಾಡಿಗಳಿಗೆ ಸಮಸ್ಯೆ ಬ್ರೇಕಿನದು. ಅದಕ್ಕೇ ಘಾಟಿ ಇಳಿಯುವ ಮೊದಲು ಬ್ರೇಕು ಪರೀಕ್ಷೆ ಕಡ್ಡಾಯ. ತಡೆ ತಪ್ಪಿ ಓಡಿ ಬರುವ ಗಾಡಿಯನ್ನು ಮುಖ್ಯ ಹಳಿಯಿಂದ ಬೇರೆಡೆ ತಿರುಗಿಸಿ ಏರಿನ ಮೇಲೆ ಓಡಿಸಿ ನಿಲ್ಲಿಸುವ ಕ್ಯಾಚ್ ಸೈಡಿಂಗ್‌ಗಳು ಘಾಟಿ ಮಾರ್ಗಗಳ ಇನ್ನೊಂದು ಏರ್ಪಾಡು.

ಈ ಘಾಟಿಯ ದೊಡ್ಡ ಶತ್ರು ಮಳೆ. ಗುಡ್ಡ ಜರಿದು ಹಳಿ ಮುಚ್ಚುವುದು, ಹಳಿಯ ಕೆಳಗಿನ ಮಣ್ಣೇ ಕೊಚ್ಚಿ ಹೋಗುವುದು ಇಲ್ಲಿ ಹೊಸತಲ್ಲ. 2018ರ ಆಗಸ್ಟ್‌ನಲ್ಲಿ ಘಾಟಿಯುದ್ದಕ್ಕೂ ಹತ್ತಾರು ಕಡೆ ಮಣ್ಣು ಕುಸಿದು ರೈಲು ವಾರಗಟ್ಟಲೆ ನಿಂತಿತು. ಅದೇ ಹೊತ್ತಿಗೆ ಶಿರಾಡಿಯ ರಸ್ತೆಯೂ ಮುಚ್ಚಿತು, ಸುಳ್ಯದಿಂದ ಮಡಿಕೇರಿಗೆ ಹೋಗುವ ಸಂಪಾಜೆಯ ರಸ್ತೆ ಜೋಡುಪಾಲದ ಭೂಕುಸಿತದ ದುರಂತದೊಂದಿಗೆ ಕಡಿದುಹೋಯಿತು. 2024ರ ಜುಲೈ ಕೊನೆಗೆ ಯಡಕುಮರಿ–ಕಡಗರವಳ್ಳಿ ನಡುವೆ ಹಳಿಯ ಬುಡವೇ ಜರಿದು ಮತ್ತೆ ಸಂಚಾರ ನಿಂತಿತು. ಮರಳಿನ ಚೀಲ, ಕಲ್ಲುತುಂಬಿದ ಜಾಲರಿ ಪೇರಿಸಿ ಆಗಸ್ಟ್ ಎರಡನೆಯ ವಾರದ ಹೊತ್ತಿಗೆ ಮಾರ್ಗ ಸರಿಪಡಿಸಿದರು. ಯಡಕುಮರಿಗೆ ಸರಿಯಾದ ರಸ್ತೆಯಿಲ್ಲ. ಕಲ್ಲು, ಜಲ್ಲಿ, ಯಂತ್ರ, ಕೆಲಸಗಾರರ ಊಟ ಎಲ್ಲವೂ ಹಳಿಯ ಮೇಲೆಯೇ ಬರಬೇಕು. ಮಳೆಗಾಲದಲ್ಲಿ ರಾತ್ರಿಯೆಲ್ಲ ಟಾರ್ಚು ಹಿಡಿದು ಹಳಿಯುದ್ದಕ್ಕೂ ನಡೆಯುವ ಗ್ಯಾಂಗ್‌ಮನ್‌ಗಳ ಕೆಲಸ ಎಂತಹದೆಂದು ಗಾಜಿನ ಛಾವಣಿಯ ಬೋಗಿಯಲ್ಲಿ ಕೂತವರಿಗೆ ಕಾಣುವುದಿಲ್ಲ. ಘಾಟಿ ಮುಚ್ಚಿದ ದಿನಗಳಲ್ಲಿ ಗಮನಿಸಬೇಕಾದ ಒಂದು ಸಂಗತಿಯಿದೆ: ಅಡಚಣೆ ಇರುವುದು ನೆಟ್ಟಣದಿಂದ ಮೇಲೆ. ಕೆಳಗಿನ ಸುಮಾರು 90 ಕಿಲೋಮೀಟರಿಗೆ ಘಾಟಿಯ ಕುಸಿತದಿಂದ ಏನೂ ಆಗಿರುವುದಿಲ್ಲ. ಲೋಕಲ್ ಸೇವೆಯನ್ನು ಘಾಟಿಯ ನೆಪದಲ್ಲಿ ಕಟ್ಟಿಹಾಕಬೇಕಾಗಿಲ್ಲ ಎಂಬುದಕ್ಕೆ ಇದಕ್ಕಿಂತ ಪುರಾವೆ ಬೇಡ.

2021ರ ಜುಲೈ 11ರಂದು ಯಶವಂತಪುರ–ಮಂಗಳೂರು ಹಗಲು ರೈಲಿಗೆ ವಿಸ್ಟಾಡೋಮ್ ಬೋಗಿಗಳು ಬಂದವು. ದೊಡ್ಡ ಕಿಟಕಿ, ಗಾಜಿನ ಛಾವಣಿ, ತಿರುಗುವ ಕುರ್ಚಿ, ಬೋಗಿಗೆ 44 ಸೀಟು. ಘಾಟಿ ನೋಡಲೆಂದೇ ಬರುವವರು ಹೆಚ್ಚಾದರು. ಅದು ಒಳ್ಳೆಯದೇ. ಇತ್ತ ವಿದ್ಯುದೀಕರಣ ಮಂಗಳೂರಿನ ಕಡೆಯಿಂದ ನೆಟ್ಟಣದವರೆಗೆ ಮೊದಲು ಮುಗಿದು, ಘಾಟಿ ಮಾತ್ರ ಉಳಿದಿತ್ತು. ಸುರಂಗದೊಳಗೆ ತಂತಿ ಎಳೆಯಲು ಬಿಡುವು ಬೇಕಾಗಿ 2025ರಲ್ಲಿ ಹಗಲಿನ ಎಕ್ಸ್‌ಪ್ರೆಸ್‌ಗಳನ್ನು ತಿಂಗಳುಗಟ್ಟಲೆ ರದ್ದು ಮಾಡಿದರು. ಆ ವರ್ಷದ ಡಿಸೆಂಬರ್ ಕೊನೆಗೆ ವಿದ್ಯುತ್ ಎಂಜಿನ್ ಪರೀಕ್ಷಾರ್ಥವಾಗಿ ಘಾಟಿ ಹತ್ತಿತು. ವಿದ್ಯುತ್ ಎಂಜಿನ್‌ನಿಂದ ಘಾಟಿಗೆ ಆಗುವ ಲಾಭ ಏರುವಾಗಿನ ಬಲವೊಂದೇ ಅಲ್ಲ. ಇಳಿಯುವಾಗ ಅದರ ಮೋಟಾರುಗಳೇ ಜನರೇಟರುಗಳಾಗಿ ಗಾಡಿಯನ್ನು ತಡೆಯುತ್ತವೆ, ಹುಟ್ಟಿದ ವಿದ್ಯುತ್ತು ತಂತಿಗೆ ಮರಳುತ್ತದೆ.

ಬಯಲಿನ ತುಂಡಿಗೆ ತಂತಿಯ ಲಾಭ ಬೇರೆ. ಈಗಿನ ಲೋಕಲ್ ಎಂಜಿನ್ ಎಳೆಯುವ ಗಾಡಿ. ಕೊನೆಯ ನಿಲ್ದಾಣದಲ್ಲಿ ಎಂಜಿನ್ ಕಳಚಿ, ಪಕ್ಕದ ಹಳಿಯಲ್ಲಿ ಸುತ್ತಿ ಬಂದು, ಇನ್ನೊಂದು ತುದಿಗೆ ಸೇರಿ, ಬ್ರೇಕು ಪರೀಕ್ಷೆಯಾಗಿ ಹೊರಡಬೇಕು. ಮೆಮು ಗಾಡಿಗೆ ಎರಡೂ ತುದಿಯಲ್ಲಿ ಚಾಲಕನ ಕೋಣೆ ಇರುತ್ತದೆ; ಚಾಲಕರು ಒಂದು ತುದಿಯಿಂದ ಇನ್ನೊಂದಕ್ಕೆ ನಡೆದು ಬಂದರೆ ಗಾಡಿ ಸಿದ್ಧ. ನಿಂತಲ್ಲಿಂದ ಬೇಗ ವೇಗ ಹಿಡಿಯುತ್ತದೆ, ಬೇಗ ನಿಲ್ಲುತ್ತದೆ. ಮೇಲಿಂದ ಮೇಲೆ ನಿಲುಗಡೆ ಇರುವ ಮಾರ್ಗದಲ್ಲಿ ಇದರಿಂದ ಉಳಿಯುವ ನಿಮಿಷಗಳು ಸಣ್ಣವಲ್ಲ. ಮಂಗಳೂರು–ನೆಟ್ಟಣ ನಡುವೆ ಘಾಟಿಯ ಏರಿಲ್ಲ. ಬ್ಯಾಂಕರ್ ಬೇಡ, ವಿಶೇಷ ಬ್ರೇಕಿನ ನಿಯಮ ಬೇಡ. ಹಳಿಯಿದೆ, ತಂತಿಯಿದೆ, ಪ್ರಯಾಣಿಕರಿದ್ದಾರೆ. ಇಲ್ಲದಿರುವುದು ಎಂಟು ಬೋಗಿಯ ಒಂದು ಮೆಮು ರೇಕ್ ಮತ್ತು ಅದಕ್ಕೆ ಹಳಿಯ ಮೇಲೆ ಬಿಡುವು ಹುಡುಕುವ ಮನಸ್ಸು. ಅಮೃತ ಭಾರತ ಯೋಜನೆಯಲ್ಲಿ ಬಂಟ್ವಾಳ ಮತ್ತು ಸುಬ್ರಹ್ಮಣ್ಯ ರೋಡ್ ನಿಲ್ದಾಣಗಳನ್ನು ಸೇರಿಸಿ ಹೊಸ ಕಟ್ಟಡಕ್ಕೆ ಹಣ ಕೊಟ್ಟಿದ್ದಾರೆ. ಕಟ್ಟಡ ಚೆನ್ನಾಗಿರಲಿ, ಆದರೆ ದಿನಕ್ಕೆ ಬೆರಳೆಣಿಕೆಯ ಲೋಕಲ್ ನಿಲ್ಲುವ ನಿಲ್ದಾಣಕ್ಕೆ ದೊಡ್ಡ ಕಮಾನಿಗಿಂತ ಇನ್ನೆರಡು ಗಾಡಿಗಳೇ ಹೆಚ್ಚು ಪ್ರಯೋಜನ. ಸಣ್ಣ ನಿಲ್ದಾಣಗಳಲ್ಲಿ ತಗ್ಗಿನ ಪ್ಲಾಟ್‌ಫಾರ್ಮಿನಿಂದ ಬೋಗಿಯ ಮೆಟ್ಟಿಲು ಹತ್ತಲು ವಯಸ್ಸಾದವರು ಪಡುವ ಪಾಡನ್ನು ನೋಡಿದರೆ ಹಣ ಮೊದಲು ಎಲ್ಲಿಗೆ ಹೋಗಬೇಕಿತ್ತೆಂದು ತಿಳಿಯುತ್ತದೆ.

ಇನ್ನು ಸುಳ್ಯ. ಕೆ.ವಿ.ಜಿ. ವೈದ್ಯಕೀಯ ಮತ್ತು ಎಂಜಿನಿಯರಿಂಗ್ ಕಾಲೇಜುಗಳಿಂದಾಗಿ ದೂರದೂರದ ವಿದ್ಯಾರ್ಥಿಗಳು ಬರುವ ಪೇಟೆ. ಮೈಸೂರು ಹೆದ್ದಾರಿಯ ಮೇಲೆಯೇ ಇದೆ. ರೈಲಿನಲ್ಲಿ ಬರುವವರು ಪುತ್ತೂರಿನಲ್ಲಿ ಇಳಿದು ಸುಮಾರು 37 ಕಿಲೋಮೀಟರ್ ಬಸ್ಸಿನಲ್ಲಿ ಹೋಗಬೇಕು. ಬೆಳ್ಳಾರೆ, ನಿಂತಿಕಲ್ಲು ಕಡೆಯವರಿಗೆ ಕಾಣಿಯೂರು, ಎಡಮಂಗಲಗಳು ಹತ್ತಿರ, ಆದರೆ ಅಲ್ಲಿ ಎಕ್ಸ್‌ಪ್ರೆಸ್ ನಿಲ್ಲುವುದನ್ನು ನಂಬಿ ಹೋಗುವಂತಿಲ್ಲ. ಸುಳ್ಯಕ್ಕೆ ರೈಲು ತರಬಲ್ಲ ಯೋಜನೆ ಒಂದಿದೆ: ಕೇರಳದ ಕಾಞಂಗಾಡಿನಿಂದ ಪಾಣತ್ತೂರು, ಸುಳ್ಯದ ಮೂಲಕ ಕಾಣಿಯೂರಿಗೆ 91 ಕಿಲೋಮೀಟರ್ ಉದ್ದದ ಹೊಸ ಮಾರ್ಗ. ಇದರಲ್ಲಿ ಸುಮಾರು 41 ಕಿಲೋಮೀಟರ್ ಕೇರಳದಲ್ಲಿ, ಉಳಿದದ್ದು ಕರ್ನಾಟಕದಲ್ಲಿ. ಸರ್ವೆ ಮುಗಿದು ವರ್ಷಗಳಾಗಿವೆ. ಇದಾದರೆ ಕಾಸರಗೋಡಿನ ದಕ್ಷಿಣ ಭಾಗದಿಂದ ಬೆಂಗಳೂರಿಗೆ ಹೋಗುವವರು ಮಂಗಳೂರು ಸುತ್ತಬೇಕಿಲ್ಲ, ಸುಳ್ಯಕ್ಕೆ ನಿಲ್ದಾಣ ಸಿಗುತ್ತದೆ, ಕಾಣಿಯೂರು ಜಂಕ್ಷನ್ ಆಗುತ್ತದೆ. ವೆಚ್ಚ ಹಂಚಿಕೊಳ್ಳುವ ವಿಷಯದಲ್ಲಿ ಎರಡು ರಾಜ್ಯಗಳ ಒಪ್ಪಿಗೆ ಒಟ್ಟಿಗೆ ಕೂಡಿಬರದೆ ಕಡತ ಕದಲಿಲ್ಲ. ಗುಡ್ಡ, ತೋಟ, ಕಾಡುಗಳ ನಡುವೆ ಹೊಸ ಹಳಿ ಹಾಕುವುದು ಅಗ್ಗದ ಕೆಲಸವೂ ಅಲ್ಲ. ಅರಣ್ಯದ ಪ್ರಶ್ನೆ, ಭೂಸ್ವಾಧೀನದ ಪ್ರಶ್ನೆ ಎರಡೂ ನಿಜವಾದವೇ.

ಆ 91 ಕಿಲೋಮೀಟರಿಗೆ ಕಾಯುವ ಕಾಲದಲ್ಲಿ ಮಾಡಬಹುದಾದ ಸಣ್ಣ ಕೆಲಸವೊಂದು ಉಳಿದಿದೆ. ಬೆಳಗಿನ ಮತ್ತು ಸಂಜೆಯ ಲೋಕಲ್ ಕಾಣಿಯೂರು ಮುಟ್ಟುವ ವೇಳೆಗೆ ಸರಿಯಾಗಿ ಸುಳ್ಯ, ಬೆಳ್ಳಾರೆ ಕಡೆಯಿಂದ ಒಂದು ಬಸ್ಸು, ಕೋಡಿಂಬಾಳಕ್ಕೆ ಕಡಬದಿಂದ ಇನ್ನೊಂದು. ಇದಕ್ಕೆ ಸರ್ವೆ ಬೇಡ, ಭೂಸ್ವಾಧೀನ ಬೇಡ, ಕೇರಳದ ಒಪ್ಪಿಗೆಯೂ ಬೇಡ. ಕೆಎಸ್‌ಆರ್‌ಟಿಸಿಯ ಪುತ್ತೂರು ವಿಭಾಗ ಮತ್ತು ರೈಲ್ವೆಯ ಮೈಸೂರು ವಿಭಾಗ ಒಂದೇ ಮೇಜಿನ ಮುಂದೆ ಕೂತು ಎರಡು ವೇಳಾಪಟ್ಟಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಸಾಕು. ಮನವಿ ಬರೆಯುವವರು ಮುಂದಿನ ಸಲ ಇದನ್ನೂ ಒಂದು ಸಾಲು ಸೇರಿಸಲಿ.